ಮಳೆ ಜಾಕೆಟ್ ಬೆವರನ್ನು ನಿಜವಾಗಿಯೂ ಹೊರಗೆ ಬಿಡುತ್ತದಾ? 15,000 ಕೊಡುವ ಮುಂಚೆ ಕೇಳುತ್ತಿದ್ದೇನೆ

ಕೋಟೆ ಕೆಳಗಿನವ (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ಒಂದು ಮಳೆ ಜಾಕೆಟ್ ನೋಡಿಟ್ಟಿದ್ದೇನೆ. ಬೆಲೆ 15,000 ಹತ್ತಿರ. ಲೇಬಲ್ ಮೇಲೆ 20,000 ಮಿ.ಮೀ. ವಾಟರ್‌ಪ್ರೂಫ್, 20,000 ಗ್ರಾಂ ಬ್ರೀದಬಲ್ ಅಂತ ಬರೆದಿದೆ. ಮಳೆ ಒಳಗೆ ಬರಲ್ಲ, ಬೆವರು ಮಾತ್ರ ಹೊರಗೆ ಹೋಗುತ್ತದೆ ಅನ್ನುವುದು ಅಂಗಡಿಯವರ ಮಾತು.

ಈಗ ನನ್ನ ಹತ್ತಿರ ಇರುವುದು ಸಾದಾ ರೇನ್‌ಕೋಟ್. ಅದನ್ನು ಹಾಕಿಕೊಂಡು ಜೋಗಿಮಟ್ಟಿ ಹತ್ತಿದರೆ ಮೇಲೆ ಮುಟ್ಟುವಷ್ಟರಲ್ಲಿ ಅಂಗಿ ಹಿಂಡುವ ಹಾಗಿರುತ್ತದೆ. ಮಳೆಯಲ್ಲೇ ನೆನೆದಿದ್ದರೂ ಅಷ್ಟೇ ಒದ್ದೆ ಆಗುತ್ತಿದ್ದೆನೋ ಏನೋ.

ನಮ್ಮ ದುರ್ಗದಲ್ಲಿ ಮಳೆ ಎಷ್ಟು ಕಡಿಮೆ ಅಂತ ನಿಮಗೇ ಗೊತ್ತು. ಜಾಕೆಟ್ ಬೇಕಿರುವುದು ಮುಖ್ಯವಾಗಿ ಜುಲೈ, ಆಗಸ್ಟ್‌ನಲ್ಲಿ ಮಲೆನಾಡಿಗೆ ಹೋಗುವಾಗ. ಕುದುರೆಮುಖ, ಕೊಡಚಾದ್ರಿ, ಆ ಕಡೆ. ಉಳಿದಂತೆ ಬೈಕ್ ಮೇಲೆ. ಒಂದೇ ಬಟ್ಟೆ ಹೊರಗಿನ ನೀರನ್ನು ತಡೆದು ಒಳಗಿನ ನೀರನ್ನು ಬಿಡುವುದು ಸಾಧ್ಯಾನಾ? ಅನುಭವ ಇರುವವರು ಹೇಳಿ.

ಮಂಡಕ್ಕಿ ಮಿರ್ಚಿ (ದಾವಣಗೆರೆ)

ಗುರು, ಸುಮ್ನೆ ದುಡ್ಡು ದಂಡ. ಹೊರಗಿನದೂ ನೀರು, ಒಳಗಿನದೂ ನೀರು. ಬಟ್ಟೆಗೆ ಹೇಗೆ ಗೊತ್ತಾಗಬೇಕು ಯಾವುದು ಮಳೆ, ಯಾವುದು ಬೆವರು ಅಂತ? ನನ್ನ ಹತ್ತಿರನೂ ಒಂದು ದುಬಾರಿ ಜಾಕೆಟ್ ಇದೆ. ಕೊಡಚಾದ್ರಿ ಹತ್ತುವಾಗ ತೋಳು ಮೇಲೆತ್ತಿದೆ, ಮೊಣಕೈ ಹತ್ತಿರ ನಿಂತಿದ್ದ ನೀರು ಕಂಕುಳಿಗೆ ಇಳಿಯಿತು. ಅದು ಮಳೆಯಲ್ಲ, ನನ್ನದೇ ಬೆವರು. ಆ ದುಡ್ಡಲ್ಲಿ ಮಳೆಗಾಲ ಪೂರ್ತಿ ಬೆಣ್ಣೆದೋಸೆ ತಿನ್ನಬಹುದಿತ್ತು.

ಹಳೇಪೇಟೆ ಹುಡುಗ (ದಾವಣಗೆರೆ)

ಮಿರ್ಚಿ ಅಣ್ಣ ಹೇಳಿದ್ದೇ ಸರಿ. ನಾನು ಊಟದ ಡೆಲಿವರಿ ಮಾಡುವವನು. ಮಳೆ ಬಂದರೆ ಆರ್ಡರ್ ಜಾಸ್ತಿ, ಕೋಟು ತೆಗೆಯುವ ಹಾಗೇ ಇಲ್ಲ. ಅಪಾರ್ಟ್‌ಮೆಂಟ್ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಬನಿಯನ್ ಬೆನ್ನಿಗೆ ಅಂಟಿರುತ್ತದೆ. ಗಾಡಿ ಓಡುವಾಗ ಮಾತ್ರ ಪರವಾಗಿಲ್ಲ.

ನೂಲು ಬಟ್ಟೆ (ದಾವಣಗೆರೆ)

ಮಿರ್ಚಿಯವರ ಪ್ರಶ್ನೆ ಚೆನ್ನಾಗಿದೆ. ಬಟ್ಟೆಗೆ ಏನೂ ಗೊತ್ತಾಗುವುದಿಲ್ಲ. ಆದರೆ ಮಳೆ ಬರುವುದು ಹನಿಯಾಗಿ, ಬೆವರು ಹೋಗಬೇಕಿರುವುದು ಆವಿಯಾಗಿ. ಅಷ್ಟೇ ವ್ಯತ್ಯಾಸ, ಎಲ್ಲ ಆಟ ಅದರ ಮೇಲೇ ನಿಂತಿದೆ. ನಾನು ಇಲ್ಲೇ ಟೆಕ್ಸ್‌ಟೈಲ್ ಓದಿ, ಮಿಲ್ಲು, ಪ್ರೊಸೆಸಿಂಗ್ ಅಂತ ಅದರಲ್ಲೇ ಸವೆದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತಿದ್ದವರು ಓದಿ.

ಈ ತಕರಾರು ಹಳೆಯದು. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ರಬ್ಬರ್ ಹಚ್ಚಿ ಪೇಟೆಂಟ್ ಪಡೆದರು. ನೀರು ನಿಂತಿತು. ಜೊತೆಗೆ ಬೆವರೂ ಒಳಗೇ ನಿಂತಿತು. ಕಂಕುಳಲ್ಲಿ ಲೋಹದ ಬಳೆ ಹಾಕಿದ ಸಣ್ಣ ತೂತು ಕೊಡುವ ಪದ್ಧತಿ ಬಂದದ್ದೇ ಅದಕ್ಕೆ. ಇವತ್ತಿಗೂ ಅಗ್ಗದ ರೇನ್‌ಕೋಟಿನ ಕಂಕುಳು ನೋಡಿ, ಆ ತೂತು ಇರುತ್ತದೆ.

ಮುಂದಿನ ದೊಡ್ಡ ಹೆಜ್ಜೆ 1969ರಲ್ಲಿ. ಅಮೆರಿಕದ ಬಾಬ್ ಗೋರ್, ಬಿಸಿ ಮಾಡಿದ ಪಿಟಿಎಫ್‌ಇ ಕಡ್ಡಿಯನ್ನು ಮೆಲ್ಲಗೆ ಎಳೆಯುವ ಬದಲು ಜಗ್ಗನೆ ಎಳೆದರು. ಪಿಟಿಎಫ್‌ಇ ಅಂದರೆ ನಾನ್‌ಸ್ಟಿಕ್ ತವಾ ಮೇಲೆ ಇರುತ್ತಲ್ಲ, ಅದೇ ವಸ್ತು. ತುಂಡಾಗಬೇಕಿದ್ದ ಕಡ್ಡಿ ಹಲವು ಪಟ್ಟು ಉದ್ದ ಹಿಗ್ಗಿತು, ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳು ಬಿದ್ದವು. ಅದನ್ನೇ ತೆಳ್ಳನೆ ಪೊರೆ ಮಾಡಿ ಬಟ್ಟೆಗೆ ಅಂಟಿಸಿದ್ದು ಗೋರ್‌ಟೆಕ್ಸ್. 1976ರಲ್ಲಿ ಮಾರುಕಟ್ಟೆಗೆ ಬಂತು. ಕಂಪನಿಯೇ ಕೊಡುವ ಲೆಕ್ಕದಲ್ಲಿ ಒಂದೊಂದು ರಂಧ್ರ ನೀರಿನ ಹನಿಗಿಂತ ಸುಮಾರು 20,000 ಪಟ್ಟು ಚಿಕ್ಕದು, ಆವಿಯ ಕಣಕ್ಕಿಂತ 700 ಪಟ್ಟು ದೊಡ್ಡದು. ಹನಿ ನುಗ್ಗಲಾರದು, ಆವಿ ನುಸುಳಬಹುದು.

ಇಲ್ಲಿಯವರೆಗೆ ಅಂಗಡಿಯವರೂ ಹೇಳುತ್ತಾರೆ. ಅವರು ಹೇಳದ್ದು ಮುಂದಿನದು. ಮೈಯ ಜಿಡ್ಡು ಆ ರಂಧ್ರಗಳಿಗೆ ಹತ್ತಿದರೆ ನೀರು ಸೋರಲು ಶುರುವಾಗುತ್ತದೆ. ಮೊದಲ ಜಾಕೆಟ್‌ಗಳಲ್ಲಿ ಹಾಗೇ ಆಯಿತು. ಅದಕ್ಕೆ ಒಳಗಡೆಯಿಂದ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ಕಿನ ತೆಳು ಲೇಪ ಕೊಟ್ಟರು. ಆ ಲೇಪದಲ್ಲಿ ರಂಧ್ರವೇ ಇಲ್ಲ. ಆವಿ ಒಳಮೈಯಲ್ಲಿ ಅದಕ್ಕೆ ಹೀರಿಕೊಂಡು, ನಿಧಾನಕ್ಕೆ ಆಚೆ ದಾಟಿ, ಹೊರಮೈಯಿಂದ ಹಾರಬೇಕು. ಅಗ್ಗದ ಜಾಕೆಟ್‌ಗಳಲ್ಲಂತೂ ಬಹಳಷ್ಟು ಕಡೆ ಗೋರ್ ಪೊರೆ ಇರುವುದೇ ಇಲ್ಲ, ಬರೀ ಪಾಲಿಯುರೆಥೇನ್ ಲೇಪ ಇರುತ್ತದೆ.

ಹಾಗಾದರೆ ಆವಿಯನ್ನು ಆಚೆ ತಳ್ಳುವುದು ಯಾವುದು? ಒಳಗೂ ಹೊರಗೂ ಇರುವ ಆವಿಯ ಒತ್ತಡದ ವ್ಯತ್ಯಾಸ. ಬೇರೆ ಮೋಟರ್ ಇಲ್ಲ, ಪಂಪ್ ಇಲ್ಲ. ಹೊರಗೆ ಒಣ ಚಳಿ ಇದ್ದರೆ ಆವಿ ಓಡುತ್ತದೆ. ಹೊರಗೂ ಬೆಚ್ಚಗೆ, ತೇವ ತುಂಬಿದ್ದರೆ ತೆವಳುತ್ತದೆ. ಕಲ್ಯಾಣ ಮಂಟಪದ ಬಾಗಿಲು ಎಷ್ಟೇ ಅಗಲ ಇರಲಿ, ಊಟದ ಹಾಲಿನಾಚೆಗೂ ಅಷ್ಟೇ ಜನ ಒತ್ತಿಕೊಂಡು ನಿಂತಿದ್ದರೆ ಒಳಗಿನವರು ಹೊರಬೀಳುವುದು ಹೇಗೆ?

ಲೆಕ್ಕ ಇಷ್ಟಪಡುವವರಿಗೆ: ಜಾಕೆಟ್ ಒಳಗೆ 32 ಡಿಗ್ರಿ, ಪೂರ್ತಿ ತೇವ ಅಂದುಕೊಳ್ಳಿ. ಆವಿಯ ಒತ್ತಡ ಸುಮಾರು 4.75 ಕಿಲೋಪಾಸ್ಕಲ್. ಯುರೋಪಿನ ಬೆಟ್ಟದಲ್ಲಿ 5 ಡಿಗ್ರಿ, ಶೇ. 60 ತೇವಾಂಶ ಇದ್ದರೆ ಹೊರಗಿನದು 0.5. ವ್ಯತ್ಯಾಸ 4.25. ಮಲೆನಾಡಿನ ಜುಲೈಯಲ್ಲಿ 22 ಡಿಗ್ರಿ, ಶೇ. 95 ಇದ್ದರೆ ಹೊರಗೇ 2.5 ಇರುತ್ತದೆ. ವ್ಯತ್ಯಾಸ 2.25. ದಾವಣಗೆರೆಯ ಜಿಟಿಜಿಟಿ ಮಳೆಯಲ್ಲಿ 26 ಡಿಗ್ರಿ, ಶೇ. 90 ಅಂದರೆ ವ್ಯತ್ಯಾಸ 1.7ಕ್ಕೆ ಇಳಿಯಿತು. ಅದೇ ಜಾಕೆಟ್, ಅದೇ ಪೊರೆ. ಯುರೋಪಿನಲ್ಲಿ ಬಿಡುವ ಆವಿಯಲ್ಲಿ ಇಲ್ಲಿ ಅರ್ಧವೂ ಬಿಡುವುದಿಲ್ಲ.

ಹಾಗಾಗಿ ಬ್ರೀದಬಲ್ ಅನ್ನುವುದು ಸುಳ್ಳಲ್ಲ. ಚಳಿ ದೇಶದ ಸತ್ಯ ಅದು. ನಮ್ಮ ಮಳೆಗಾಲಕ್ಕೆ ಬಂದಾಗ ಸೊರಗುತ್ತದೆ.

ಕೋಟೆ ಕೆಳಗಿನವ

ಸಾರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಒಂದು ಅನುಮಾನ. 20,000 ಗ್ರಾಂ ಅಂದರೆ ದಿನಕ್ಕೆ 20 ಲೀಟರ್ ಅಲ್ವಾ? ಅಷ್ಟು ಬೆವರು ಯಾವ ಮನುಷ್ಯನಿಗೂ ಬರಲ್ಲ. ಅರ್ಧಕ್ಕೆ ಇಳಿದರೂ 10 ಲೀಟರ್. ಸಾಕಾಗಬೇಕಲ್ಲ?

ನೂಲು ಬಟ್ಟೆ

ಎಲ್ಲರೂ ಜಾರಿ ಬೀಳುವುದು ಆ ಅಂಕಿಯಲ್ಲೇ.

ಅದು ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಹೋಗುವ ಆವಿ. ದೊಡ್ಡ ಅಂಕಿಗಳು ಸಾಮಾನ್ಯವಾಗಿ ಬರುವುದು ಜಪಾನಿನ ಜೆಐಎಸ್ ಎಲ್ 1099 ಬಿ-1 ಅನ್ನುವ ಪರೀಕ್ಷೆಯಿಂದ. ಅದರಲ್ಲಿ ಬಟ್ಟೆಯ ಒಂದು ಮೈ ನೀರಿಗೇ ತಾಗಿರುತ್ತದೆ. ಇನ್ನೊಂದು ಕಡೆ ಪೊಟ್ಯಾಸಿಯಂ ಅಸಿಟೇಟ್ ದ್ರಾವಣ ತುಂಬಿದ ಬಟ್ಟಲನ್ನು ಕವುಚಿ ಇಡುತ್ತಾರೆ. ಅದು ತೇವವನ್ನು ಜೋರಾಗಿ ಎಳೆದುಕೊಳ್ಳುವ ಉಪ್ಪು. 15 ನಿಮಿಷ ಇಟ್ಟು, ತೂಕ ನೋಡಿ, 24 ಗಂಟೆಗೆ ಗುಣಿಸುತ್ತಾರೆ. ನಿಮ್ಮ ಜಾಕೆಟ್ ಹೊರಗೆ ಜೋಗಿಮಟ್ಟಿಯಲ್ಲಿ ಆ ಉಪ್ಪನ್ನು ಯಾರು ಸವರಿರುತ್ತಾರೆ? ಬೇರೆ ವಿಧಾನದಲ್ಲಿ ಅಳೆದರೆ ಅದೇ ಬಟ್ಟೆಗೆ ಬೇರೆಯೇ ಅಂಕಿ ಬರುತ್ತದೆ. ಪರೀಕ್ಷೆಯ ಹೆಸರು ಹಾಕದೆ ಬರೀ ಗ್ರಾಂ ಹಾಕಿದ ಲೇಬಲ್ ಹೋಲಿಸಿ ನೋಡುವುದಕ್ಕೆ ಬರುವುದಿಲ್ಲ.

ಇನ್ನು ಬೆವರಿನ ಕಡೆ ನೋಡಿ. ಕಡಿದಾದ ಗುಡ್ಡ ಹತ್ತುವಾಗ ಮೈ 400 ವಾಟ್‌ನಷ್ಟು ಬಿಸಿ ಹೊರಹಾಕಬೇಕಾಗಬಹುದು. ಒಂದು ಗ್ರಾಂ ಬೆವರು ಆವಿಯಾದರೆ ಸುಮಾರು 2,400 ಜೂಲ್ ಹೋಗುತ್ತದೆ. ಬೆವರಿನಿಂದಲೇ ಎಲ್ಲ ತಣಿಸಬೇಕು ಅಂದರೆ ಗಂಟೆಗೆ 600 ಗ್ರಾಂ. ದಿನದ ಲೆಕ್ಕ ಬಿಡಿ, ಆ ಒಂದು ಗಂಟೆಯಲ್ಲಿ ಅಷ್ಟೂ ಆಚೆ ಹೋಗಬೇಕು. ಬೆನ್ನ ಮೇಲೆ ಬ್ಯಾಗ್ ಇದ್ದರೆ ಆ ಜಾಗದಿಂದ ಹೋಗುವುದು ಸೊನ್ನೆ.

ಕೊಳ್ಳುವಾಗ ಕೇಳಬೇಕಾದ ಅಂಕಿ ರೆಟ್. ಆವಿಗೆ ಬಟ್ಟೆ ಎಷ್ಟು ಅಡ್ಡ ಬರುತ್ತದೆ ಅನ್ನುವ ಅಳತೆ ಅದು, ಐಎಸ್‌ಒ 11092 ಪ್ರಕಾರ. ಕಡಿಮೆ ಇದ್ದಷ್ಟೂ ಒಳ್ಳೆಯದು. 6ಕ್ಕಿಂತ ಕಡಿಮೆ ಇದ್ದರೆ ಬಹಳ ಚೆನ್ನ, 20 ದಾಟಿದರೆ ಬೆಟ್ಟಕ್ಕೆ ಬೇಡ.

ಇನ್ನೊಂದು ಮಾತು. ಮಳೆ ಉಡುಪಿಗೆ ಯುರೋಪಿನಲ್ಲಿ ಇಎನ್ 343 ಅಂತ ಒಂದು ಮಾನದಂಡ ಇದೆ. ಬೆವರು ಬಿಡುವುದರಲ್ಲಿ ತೀರಾ ಕೆಳದರ್ಜೆಯ ಉಡುಪನ್ನು 25 ಡಿಗ್ರಿಯಲ್ಲಿ ಒಂದೇ ಸಮ 60 ನಿಮಿಷಕ್ಕಿಂತ ಜಾಸ್ತಿ ಹಾಕಿಕೊಳ್ಳಬೇಡಿ ಅನ್ನುತ್ತದೆ ಅದು. ಅದೇ ಉಡುಪಿಗೆ 5 ಡಿಗ್ರಿಯಲ್ಲಿ ಮಿತಿಯೇ ಇಲ್ಲ. ಡೆಲಿವರಿ ಹುಡುಗರ ಕೋಟು ಹೆಚ್ಚುಕಡಿಮೆ ಆ ದರ್ಜೆಯದೇ. ಅವರು ದಿನಗಟ್ಟಲೆ ಅದರಲ್ಲೇ ಇರುತ್ತಾರೆ.

ಹಳೇಪೇಟೆ ಹುಡುಗ

60 ನಿಮಿಷ! ನಮ್ಮ ಶಿಫ್ಟ್ ಎಷ್ಟು ಅಂತ ಆ ಮಾನದಂಡದವರಿಗೆ ಯಾರಾದರೂ ಹೇಳಿ ಸಾರ್.

ಜೋಗಿಮಟ್ಟಿ ಗಾಳಿ (ಚಿತ್ರದುರ್ಗ)

ನೂಲು ಬಟ್ಟೆ ಸಾರ್ ಹೇಳಿದ ಲೆಕ್ಕಕ್ಕೆ ನನ್ನದೊಂದು ಸೇರಿಸುತ್ತೇನೆ. ನಾನು ಹುಡುಗಿಯರ ತಂಡ ಕಟ್ಟಿಕೊಂಡು ಮಲೆನಾಡಿನ ಬೆಟ್ಟಗಳಿಗೆ ಹೋಗುವವಳು. ಒಳಗಿನ ಪೊರೆಗಿಂತ ಮೊದಲು ಕೈಕೊಡುವುದು ಹೊರಗಿನ ಬಟ್ಟೆ.

ಹೊಸ ಜಾಕೆಟ್ ಮೇಲೆ ನೀರು ಹಾಕಿ. ಗುಂಡಗೆ ಹನಿಗಟ್ಟಿ ಉರುಳಿಹೋಗುತ್ತದೆ. ಅದು ಪೊರೆಯ ಕೆಲಸ ಅಲ್ಲ, ಹೊರಬಟ್ಟೆಗೆ ಹಚ್ಚಿದ ಲೇಪದ ಕೆಲಸ. ಡಿಡಬ್ಲ್ಯುಆರ್ ಅನ್ನುತ್ತಾರೆ. ಬ್ಯಾಗಿನ ಪಟ್ಟಿ ಉಜ್ಜಿ ಉಜ್ಜಿ ಮೊದಲು ಹೆಗಲ ಮೇಲೆ ಹೋಗುತ್ತದೆ. ಆಮೇಲೆ ಮುಂಗೈ. ಅಲ್ಲಿ ನೀರು ಹನಿಗಟ್ಟುವುದಿಲ್ಲ, ಹರಡಿ ಇಂಗುತ್ತದೆ, ಬಟ್ಟೆ ಕಪ್ಪಗೆ ಕಾಣುತ್ತದೆ. ಕೈಯಿಟ್ಟರೆ ತಣ್ಣಗೆ. ಆಗಲೂ ಪೊರೆ ಸೋರಿರುವುದಿಲ್ಲ. ಆದರೆ ಹೊರಬಟ್ಟೆ ನೀರು ಕುಡಿದು ಕೂತಿರುವಾಗ ಆವಿ ಎಲ್ಲಿಗೆ ಹೋಗಬೇಕು? ಒಳಮೈಯೂ ತಣ್ಣಗಾಗಿ ಅಲ್ಲೇ ಹನಿಗಟ್ಟುತ್ತದೆ. ಹುಡುಗಿಯರು ಬಂದು, "ಅಕ್ಕಾ, ಜಾಕೆಟ್ ಸೋರುತ್ತಿದೆ" ಅನ್ನುತ್ತಾರೆ. ಹತ್ತರಲ್ಲಿ ಎಂಟು ಸಲ ಸೋರಿರುವುದಿಲ್ಲ.

ಸೋರಿಕೆಯಾ ಬೆವರಾ ಅಂತ ತಿಳಿಯಬೇಕಿದ್ದರೆ ಮನೆಯಲ್ಲೇ ನೋಡಬಹುದು. ಜಾಕೆಟನ್ನು ಹ್ಯಾಂಗರ್‌ಗೆ ಹಾಕಿ, ಒಳಗೆ ಹಳೇ ಪೇಪರ್ ತುರುಕಿ, ಜಿಪ್ ಎಳೆದು, ಬಚ್ಚಲಲ್ಲಿ ಶವರ್ ಕೆಳಗೆ ಹತ್ತು ನಿಮಿಷ ಬಿಡಿ. ಪೇಪರ್ ಒಣಗೇ ಇದ್ದರೆ ಜಾಕೆಟ್ ಸರಿ ಇದೆ. ಒದ್ದೆ ಆದರೆ ಎಲ್ಲಿ ಆಗಿದೆ ನೋಡಿ. ಹೊಲಿಗೆ ಸಾಲಿನಲ್ಲಿ ಆಗಿದ್ದರೆ ಸೂಜಿ ತೂತು ಮುಚ್ಚಲು ಒಳಗೆ ಅಂಟಿಸಿದ ಟೇಪ್ ಬಿಟ್ಟಿದೆ ಅಂತ ಅರ್ಥ.

ಮಂಡಕ್ಕಿ ಮಿರ್ಚಿ

ಮೇಡಂ, ನಾಳೆನೇ ಬಚ್ಚಲಿಗೆ ಇಳಿಸುತ್ತೇನೆ. ಆದರೆ ವಾದ ಬಿಡಲ್ಲ. ಲೇಪ ಉಜ್ಜಿ ಹೋಗುತ್ತದೆ, ನಮ್ಮ ಹವೆಗೆ ಆವಿ ಹೋಗಲ್ಲ, ಬ್ಯಾಗ್ ಇದ್ದರೆ ಬೆನ್ನೂ ಲೆಕ್ಕಕ್ಕಿಲ್ಲ. ಹಾಗಿದ್ದ ಮೇಲೆ 800 ರೂಪಾಯಿ ಕೋಟಿಗೂ 15,000ಕ್ಕೂ ಏನು ವ್ಯತ್ಯಾಸ?

ಜೋಗಿಮಟ್ಟಿ ಗಾಳಿ

ವ್ಯತ್ಯಾಸ ಗೊತ್ತಾಗುವುದು ಹತ್ತುವಾಗ ಅಲ್ಲ, ನಿಂತಾಗ. ಹತ್ತುವಾಗ ಎರಡರಲ್ಲೂ ಒದ್ದೆ ಆಗುತ್ತೀರಿ. ಮೇಲೆ ಮುಟ್ಟಿ, ಗಾಳಿಗೆ ನಿಂತು, ಬುತ್ತಿ ಬಿಚ್ಚಿ ಕೂತಾಗ ಒಳ್ಳೆ ಜಾಕೆಟ್ ಒಳಗಿನ ಅಂಗಿ ನಿಧಾನಕ್ಕೆ ಆರುತ್ತದೆ. ಮೈ ಬಿಸಿಯೇ ಒಣಗಿಸುತ್ತದೆ. ಪ್ಲಾಸ್ಟಿಕ್ ಕೋಟಿನಲ್ಲಿ ಆರುವುದಿಲ್ಲ, ಇಳಿಯುವವರೆಗೂ ಅದೇ ತಣ್ಣನೆ ಅಂಗಿ. ಮಲೆನಾಡಿನ ಗಾಳಿಯಲ್ಲಿ ನಡುಕ ಹತ್ತುವುದು ಆಗಲೇ.

ಭೀಮಸಮುದ್ರ ಅಡಿಕೆ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಇಲ್ಲಿ ಓದುತ್ತಾ ಓದುತ್ತಾ ಅಡುಗೆಮನೆಗೆ ಹೋಗಿ ಒಂದು ಪ್ರಯೋಗ ಮಾಡಿಯೇ ಬಿಟ್ಟೆ. ಮನೆಯವರು ಬೈದರು.

ಎರಡು ಸ್ಟೀಲ್ ಲೋಟಕ್ಕೆ ಅರ್ಧ ಅರ್ಧ ಬಿಸಿನೀರು ಹಾಕಿದೆ. ಒಂದರ ಬಾಯಿಗೆ ಮಗಳ ಮಳೆ ಜಾಕೆಟಿನ ತೋಳನ್ನು ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿದೆ. ಇನ್ನೊಂದಕ್ಕೆ ಹಾಲಿನ ಪ್ಯಾಕೆಟ್ ಕವರ್ ಕಟ್ಟಿದೆ. ಎರಡರ ಮೇಲೂ ಫ್ರಿಜ್‌ನಲ್ಲಿಟ್ಟ ಗಾಜಿನ ಲೋಟ ಕವುಚಿದೆ. ಸ್ವಲ್ಪ ಹೊತ್ತಿಗೆ ಜಾಕೆಟ್ ಮೇಲಿನ ಗಾಜಿನ ಒಳಗೆ ಮಬ್ಬು ಕಟ್ಟಿತು, ಬೆರಳಲ್ಲಿ ಗೆರೆ ಎಳೆಯುವಷ್ಟು. ಕವರ್ ಮೇಲಿನದು ಹಾಗೇ ಇತ್ತು. ಆಮೇಲೆ ಎರಡೂ ಲೋಟ ಬೋರಲು ಹಾಕಿದೆ. ಎರಡರಿಂದಲೂ ಒಂದು ಹನಿ ಬೀಳಲಿಲ್ಲ.

ಅಂದರೆ ಆವಿ ದಾಟುತ್ತದೆ, ನೀರು ದಾಟುವುದಿಲ್ಲ, ಅದು ಖಚಿತ. ಆದರೆ ಒಳಗೆ ಬಿಸಿನೀರು, ಹೊರಗೆ ತಣ್ಣನೆ ಗಾಜು ಇತ್ತಲ್ಲ? ಮೇಲಿನ ಗಾಜನ್ನು ಬಿಸಿನೀರಲ್ಲಿ ತೊಳೆದು ಕವುಚಿದಾಗ ಮಬ್ಬೇ ಕಾಣಲಿಲ್ಲ. ಅಂಗಡಿಯಲ್ಲಿ ಇಂಥ ಪ್ರಯೋಗ ತೋರಿಸಿದರೆ ಮೇಲಿನ ಗಾಜು ತಣ್ಣಗಿದೆಯಾ ಅಂತ ಮುಟ್ಟಿ ನೋಡಿ.

ನೂಲು ಬಟ್ಟೆ

ಮೇಷ್ಟ್ರೇ, ಚೆನ್ನಾಗಿ ಮಾಡಿದಿರಿ. ಒಂದು ಮಾತು ಸೇರಿಸುತ್ತೇನೆ, ತಪ್ಪು ತಿಳಿಯಬೇಡಿ. ಬಿಸಿ ಗಾಜಿನಲ್ಲಿ ಮಬ್ಬು ಕಾಣಲಿಲ್ಲ ಅಂದ ಮಾತ್ರಕ್ಕೆ ಆವಿ ದಾಟಲಿಲ್ಲ ಅಂತಲ್ಲ. ಬಿಸಿ ಗಾಜಿನ ಮೇಲೆ ಆವಿ ಹನಿಗಟ್ಟುವುದಿಲ್ಲ, ಅಷ್ಟೆ. ಸರಿಯಾಗಿ ನೋಡಬೇಕಿದ್ದರೆ ಲೋಟವನ್ನು ತೂಕ ಮಾಡಿ. ಎರಡು ಗಂಟೆ ಬಿಟ್ಟು ಮತ್ತೆ ತೂಗಿ. ಎಷ್ಟು ಗ್ರಾಂ ಇಳಿಯಿತೋ ಅಷ್ಟು ಆಚೆ ಹೋಗಿದೆ. ಅಡಿಕೆ ಊರಿನವರಿಗೆ ತಕ್ಕಡಿ ಹೊಸದೇ?

ಚಳ್ಳಕೆರೆ ಕರಿಕಂಬಳಿ

ಇಷ್ಟು ಮಾತಾದರೂ ಕಂಬಳಿ ಹೆಸರು ಯಾರೂ ಎತ್ತಲಿಲ್ಲವಲ್ಲ. ನಮ್ಮ ಚಳ್ಳಕೆರೆ ಕಡೆ ಕುರಿ ಕಾಯುವವರು ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ದಿನವಿಡೀ ಅಡವಿಯಲ್ಲಿ ಇರುತ್ತಾರೆ. ಬೆವರಿ ಒದ್ದೆ ಆದೆ ಅಂತ ಯಾರೂ ಹೇಳಿದ್ದು ಕೇಳಿಲ್ಲ. ನೇಯ್ದ ಮೇಲೆ ಹುಣಸೆಬೀಜದ ಗಂಜಿ ಹಾಕುತ್ತಾರೆ. ಗಡುಸಾಗುತ್ತದೆ, ಎಳೆ ಕೂಡಿಕೊಳ್ಳುತ್ತದೆ, ನೀರು ಮೇಲಿಂದ ಜಾರುತ್ತದೆ.

ಮಂಡಕ್ಕಿ ಮಿರ್ಚಿ

ಅಣ್ಣಾ, ಒಪ್ಪಿದೆ. ಆದರೆ ನೆನೆದ ಕಂಬಳಿ ಹೊತ್ತು ಕುದುರೆಮುಖ ಹತ್ತುವವರು ಯಾರು? ಒಣಗುವುದಕ್ಕೆ ಎರಡು ದಿನ ಬೇಕು.

ನೂಲು ಬಟ್ಟೆ

ಕಂಬಳಿಯವರ ಮಾತನ್ನು ತಳ್ಳಿ ಹಾಕಬೇಡಿ. ಉಣ್ಣೆ ತನ್ನ ತೂಕದ ಶೇ. 30ರಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಹೀರಿಕೊಳ್ಳುವಾಗ ಸ್ವಲ್ಪ ಬಿಸಿಯನ್ನೂ ಬಿಡುತ್ತದೆ. ಕೊಪ್ಪೆ ಕೆಳಗಡೆ ಪೂರ್ತಿ ತೆರೆದಿರುತ್ತದೆ, ಗಾಳಿ ಆಡುತ್ತದೆ. ಆದರೆ ಅದು ಜಡಿಮಳೆಗೆ ತಡೆಯುವುದಿಲ್ಲ, ಭಾರ ಆಗುತ್ತದೆ. ನಿಮ್ಮ ಕಡೆ ಮಳೆಯೇ ಕಡಿಮೆ, ಅದಕ್ಕೆ ಸರಿ ಹೋಗಿದೆ. ಆಗುಂಬೆಗೆ ಅದೇ ಕಂಬಳಿ ಒಯ್ದರೆ ಕಥೆ ಬೇರೆ.

ಹತ್ತಿಯಲ್ಲೂ ಇಂಥದ್ದೊಂದು ಇದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳಿಗೆ ಅಂತ ವೆಂಟೈಲ್ ಅನ್ನುವ ಬಟ್ಟೆ ಮಾಡಿದರು. ಉದ್ದ ಎಳೆಯ ಹತ್ತಿಯನ್ನು ಬಹಳ ಒತ್ತಾಗಿ ನೇಯ್ದದ್ದು. ನೆನೆದಾಗ ನೂಲು ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ಪೊರೆ ಇಲ್ಲ, ರಬ್ಬರ್ ಇಲ್ಲ. ದಾವಣಗೆರೆಯನ್ನು ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ವೆಂಟೈಲ್ ಹುಟ್ಟಿದ್ದು ಆ ಅಸಲಿ ಮ್ಯಾಂಚೆಸ್ಟರಿನಲ್ಲಿ. ನಮ್ಮ ಮಿಲ್ಲುಗಳು ಬಾಗಿಲು ಹಾಕಿದ ಮೇಲೆ ಈ ಹೆಸರು ಹೇಳಿದರೆ ಹುಡುಗರು ನಗುತ್ತಾರೆ. ಇರಲಿ ಬಿಡಿ, ಅದು ಬೇರೆ ವಿಷಯ.

ಹೊಳೆ ಆಚೆಯವಳು (ಹರಿಹರ)

ಎಲ್ಲರೂ ಬೆವರಿನ ಬಗ್ಗೆ ಹೇಳುತ್ತಿದ್ದೀರಿ. ಲೇಪದಲ್ಲಿ ಏನಿರುತ್ತದೆ ಅನ್ನುವುದನ್ನೂ ನೋಡಿ. ಹಳೆಯ ಡಿಡಬ್ಲ್ಯುಆರ್ ಲೇಪಗಳಲ್ಲಿ ಫ್ಲೋರಿನ್ ಸೇರಿದ ರಾಸಾಯನಿಕ ಇರುತ್ತಿತ್ತು. ಪಿಎಫ್‌ಎಎಸ್ ಅಂತ ಒಟ್ಟಾಗಿ ಕರೆಯುತ್ತಾರೆ. ಮಣ್ಣು, ನೀರಿಗೆ ಸೇರಿದರೆ ಕೊಳೆತು ನಾಶವಾಗುವುದಿಲ್ಲ. ಅದರಲ್ಲಿ ಒಂದಾದ ಪಿಎಫ್‌ಒಎಯನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಬೇಗ ನಾಶವಾಗದ ವಿಷ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿಸಿದರು. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಬಟ್ಟೆಯಲ್ಲಿ ಪಿಎಫ್‌ಎಎಸ್ ಬಳಸುವಂತಿಲ್ಲ, ತೀರಾ ಜಡಿಮಳೆಗೆ ಅಂತ ಮಾಡಿದ ಉಡುಪಿಗೆ ಮಾತ್ರ ಇನ್ನೂ ಸ್ವಲ್ಪ ಕಾಲ ಕೊಟ್ಟಿದ್ದಾರೆ. ಗೋರ್ ಕಂಪನಿಯೂ 2022ರಿಂದ ಪಾಲಿಎಥಿಲೀನಿನ ಹೊಸ ಪೊರೆ ತರುತ್ತಿದೆ.

ಇದರಲ್ಲಿ ನಮಗೆ ಸಂಬಂಧಪಟ್ಟದ್ದು ಒಂದಿದೆ. ಫ್ಲೋರಿನ್ ಇಲ್ಲದ ಹೊಸ ಲೇಪ ನೀರನ್ನು ತಡೆಯುತ್ತದೆ, ಜಿಡ್ಡನ್ನು ಅಷ್ಟಾಗಿ ತಡೆಯುವುದಿಲ್ಲ. ತಲೆಗೆ ಎಣ್ಣೆ ಹಚ್ಚುವವರ ಜಾಕೆಟಿನ ಟೋಪಿ, ಕಾಲರ್ ಬೇಗ ಕೆಡುತ್ತದೆ. ಹಾಗಾಗಿ ತೊಳೆಯುತ್ತಿರಬೇಕು.

ಕೋಟೆ ಕೆಳಗಿನವ

ತೊಳೆದರೆ ಲೇಪ ಹೋಗುತ್ತದೆ, ಒಗೆಯಲೇಬೇಡ ಅಂತ ನನ್ನ ಸ್ನೇಹಿತ ಹೇಳಿದ್ದನಲ್ಲ?

ಜೋಗಿಮಟ್ಟಿ ಗಾಳಿ

ಆ ಮಾತು ಕೇಳಬೇಡಿ. ಕೊಳೆ ಹೋಗದಿದ್ದರೆ ಲೇಪ ಕೆಲಸ ಮಾಡುವುದಿಲ್ಲ. ಆದರೆ ಮಾಮೂಲಿ ಸೋಪಿನ ಪುಡಿ ಜಾಸ್ತಿ ಹಾಕಬೇಡಿ, ಬಟ್ಟೆ ಮೆತ್ತಗಾಗುವ ಕಂಡಿಷನರ್ ಅಂತೂ ಮುಟ್ಟಲೇಬೇಡಿ. ಅದು ಉಳಿದುಕೊಂಡು ನೀರನ್ನು ಎಳೆಯುತ್ತದೆ. ಇಂಥ ಬಟ್ಟೆಗೆ ಅಂತಲೇ ಲಿಕ್ವಿಡ್ ಸಿಗುತ್ತದೆ. ಎರಡು ಸಲ ಚೆನ್ನಾಗಿ ಜಾಲಿಸಿ. ಬಂಡೆ ಮೇಲೆ ಕುಕ್ಕಬೇಡಿ, ಹಿಂಡಬೇಡಿ. ಒಣಗಿದ ಮೇಲೆ, ಲೇಬಲ್‌ನಲ್ಲಿ ಇಸ್ತ್ರಿ ಮಾಡಬಹುದು ಅಂತ ಇದ್ದರೆ, ಮೇಲೊಂದು ಕಾಟನ್ ಬಟ್ಟೆ ಹಾಸಿ ಉಗುರುಬೆಚ್ಚಗಿನ ಇಸ್ತ್ರಿ ಪೆಟ್ಟಿಗೆ ಆಡಿಸಿ. ಬಿಸಿ ತಾಗಿದರೆ ಮಲಗಿದ್ದ ಲೇಪ ಮತ್ತೆ ಎದ್ದು ನಿಲ್ಲುತ್ತದೆ. ಹನಿ ಮತ್ತೆ ಉರುಳದಿದ್ದರೆ ಸ್ಪ್ರೇ ತಂದು ಹೊಡೆಯಬೇಕು.

ಇನ್ನೊಂದು. ಮಳೆಗಾಲ ಮುಗಿಯಿತು ಅಂತ ಅರೆಬರೆ ಒಣಗಿದ್ದನ್ನು ಮಡಚಿ ಬೀರುವಿನಲ್ಲಿ ತುರುಕಬೇಡಿ. ಪಾಲಿಯುರೆಥೇನ್ ತೇವ, ಬಿಸಿಗೆ ಕೊಳೆಯುತ್ತದೆ. ಮುಂದಿನ ಜೂನ್‌ನಲ್ಲಿ ತೆಗೆದರೆ ಒಳಮೈ ಅಂಟಂಟು, ಬಿಳೀ ಪದರ ಪದರವಾಗಿ ಉದುರುತ್ತದೆ. ಅದಕ್ಕೆ ರಿಪೇರಿ ಇಲ್ಲ. ಹ್ಯಾಂಗರ್‌ಗೆ ಹಾಕಿ ಗಾಳಿ ಆಡುವ ಕಡೆ ಇಡಿ.

ಮಂಡಕ್ಕಿ ಮಿರ್ಚಿ

ಬಚ್ಚಲ ಪರೀಕ್ಷೆಯ ಫಲಿತಾಂಶ: ಪೇಪರ್ ಪೂರ್ತಿ ಒಣ. ಜಾಕೆಟ್ ಸೋರುತ್ತಿಲ್ಲ. ಹಾಗಂತ ಪೂರ್ತಿ ಶರಣಾಗಲ್ಲ.

ಬೈಕ್ ವಿಷಯ ಯಾರೂ ಹೇಳಲಿಲ್ಲ, ಅದು ನನ್ನ ಕ್ಷೇತ್ರ. ದಾವಣಗೆರೆಯಿಂದ ಹೊನ್ನಾಳಿ ಮೇಲೆ ಶಿವಮೊಗ್ಗ, ಅಲ್ಲಿಂದ ಆಗುಂಬೆ. ಗಾಡಿ ಮೇಲೆ ಕೂತವನು ಗುಡ್ಡ ಹತ್ತುವವನಷ್ಟು ಬೆವರುವುದಿಲ್ಲ, ಗಾಳಿ ಬೇರೆ ಹೊಡೆಯುತ್ತಿರುತ್ತದೆ. ಅಲ್ಲಿ ಬ್ರೀದಬಲ್‌ಗೆ ದುಡ್ಡು ಸುರಿಯಬೇಡಿ. 80ರ ವೇಗದಲ್ಲಿ ಎದುರು ಗಾಳಿಯ ಒತ್ತಡ 30 ಮಿ.ಮೀ. ನೀರಿನ ಕಂಬದಷ್ಟೇ. ಹನಿ ಬಡಿಯುವ ಜೋರು ಸೇರಿಸಿದರೂ 20,000 ಮಿ.ಮೀ. ಅಂಕಿಗೆ ನಾವು ಹತ್ತಿರನೂ ಹೋಗಲ್ಲ. ನೀರು ಬರುವುದು ಬಟ್ಟೆಯಿಂದ ಅಲ್ಲ. ಕತ್ತಿನಿಂದ, ಮುಂಗೈಯಿಂದ, ಜಿಪ್‌ನಿಂದ. ಎಲ್ಲಕ್ಕಿಂತ ಜಾಸ್ತಿ ಪ್ಯಾಂಟಿನ ನಡುವಿನ ಹೊಲಿಗೆಯಿಂದ. ಸೀಟಿನ ಮೇಲೆ ತೊಡೆಗಳ ನಡುವೆ ನೀರು ಮಡುಗಟ್ಟಿ ನಿಲ್ಲುತ್ತದೆ, ಅದರ ಮೇಲೆ ನಮ್ಮ ಭಾರ. ಅಲ್ಲಿ ಟೇಪ್ ಬಿಟ್ಟರೆ ಮುಗಿಯಿತು, ಇಳಿದ ಮೇಲೆ ಹೋಟೆಲಿಗೆ ಹೋಗುವುದಕ್ಕೂ ನಾಚಿಕೆ.

ಬೈಕಿಗೆ ದಪ್ಪ ರೇನ್‌ಕೋಟ್, ಒಳ್ಳೆ ಟೇಪ್, ಎರಡು ಪದರದ ಕಾಲರ್. 2,000 ರೂಪಾಯಿ ಒಳಗೆ ಕೆಲಸ ಆಗುತ್ತದೆ.

ನೂಲು ಬಟ್ಟೆ

ಮಿರ್ಚಿಯವರು ಹೇಳಿದ್ದು ನೂರಕ್ಕೆ ನೂರು. ಮಿ.ಮೀ. ಅಂಕಿಗೆ ಜನ ಸುಮ್ನೆ ಮರುಳಾಗುತ್ತಾರೆ. 20,000 ಮಿ.ಮೀ. ಅಂದರೆ 20 ಮೀಟರ್ ಎತ್ತರದ ನೀರಿನ ಕಂಬ ತಡೆಯುತ್ತದೆ ಅಂತ. ನಾವು ವಾಣಿವಿಲಾಸ ಸಾಗರದ ತಳಕ್ಕೆ ಇಳಿಯುತ್ತಿಲ್ಲವಲ್ಲ. ಇಎನ್ 343ರಲ್ಲಿ ನೀರು ತಡೆಯುವುದಕ್ಕೆ ಮೂರನೇ ದರ್ಜೆ (ಅಂಕಿ ಏರಿದಷ್ಟೂ ದರ್ಜೆ ಮೇಲು) ಸಿಗಲು 13,000 ಪಾಸ್ಕಲ್ ಸಾಕು. ಅದು 1,300 ಮಿ.ಮೀ. ಆಯಿತು. ಹೆಗಲ ಮೇಲೆ ಭಾರದ ಬ್ಯಾಗ್ ಇರುವವರಿಗೆ, ಒದ್ದೆ ಬಂಡೆ ಮೇಲೆ ಕೂರುವವರಿಗೆ ಜಾಸ್ತಿ ಬೇಕು, ಒಪ್ಪುತ್ತೇನೆ. 10,000 ಧಾರಾಳ.

ಬೆಟ್ಟಕ್ಕೆ ನಾನು ಹೇಳುವುದು ಒಂದೇ. ಪೊರೆಯ ಮೇಲೆ ಭಾರ ಹಾಕಬೇಡಿ, ಗಾಳಿಗೆ ದಾರಿ ಕೊಡಿ. ಕಂಕುಳಲ್ಲಿ ಉದ್ದ ಜಿಪ್ ಇರುವ ಜಾಕೆಟ್ ತೆಗೆದುಕೊಳ್ಳಿ. ಆ ಜಿಪ್ ತೆರೆದು ಹತ್ತು ಹೆಜ್ಜೆ ನಡೆದರೆ ಒಳಗಿನ ಬಿಸಿಗಾಳಿ ಹೊರಬೀಳುತ್ತದೆ. ಆವಿ ಪೊರೆ ದಾಟುವವರೆಗೆ ಕಾಯಬೇಕಿಲ್ಲ. ಮ್ಯಾಕಿಂಟಾಷ್ ಕಾಲದ ಆ ಕಂಕುಳ ತೂತೇ ಇವತ್ತು ಜಿಪ್ ಆಗಿದೆ, ಅಷ್ಟೆ. ಮಳೆ ಗಾಳಿ ಇಲ್ಲದೆ ನೇರ ಬೀಳುತ್ತಿದ್ದರೆ ಪಾಂಚೋ, ಅಂದರೆ ತಲೆಯಿಂದ ಇಳಿಬಿಟ್ಟುಕೊಳ್ಳುವ ಸಡಿಲ ಮಳೆ ಹೊದಿಕೆ, ಇನ್ನೂ ಮೇಲು. ದಾರಿ ಅಗಲ ಇದ್ದರೆ ಛತ್ರಿಯೇ ಸಾಕು, ನಗಬೇಡಿ.

ಜೋಗಿಮಟ್ಟಿ ಗಾಳಿ

ಛತ್ರಿ ಕುದುರೆಮುಖದ ತುದಿಯಲ್ಲಿ ಉಳಿಯಲ್ಲ ಸಾರ್, ಕಡ್ಡಿ ಮಾತ್ರ ಕೈಯಲ್ಲಿರುತ್ತದೆ. ಆದರೆ ಕಾಡಿನ ದಾರಿಯಲ್ಲಿ ನಾನೂ ಹಿಡಿಯುತ್ತೇನೆ. ಪಾಂಚೋ ಗಾಳಿಗೆ ಹಾರಿ ಮುಖಕ್ಕೆ ಬಡಿಯುತ್ತದೆ, ಕಾಲು ಎಲ್ಲಿಡುತ್ತಿದ್ದೇವೆ ಅಂತ ಕಾಣುವುದಿಲ್ಲ. ಇಳಿಜಾರಿನಲ್ಲಿ ಹಾಕಬೇಡಿ.

ಒಳಗೆ ಏನು ಹಾಕುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ಕಾಟನ್ ಬನಿಯನ್ ಬೇಡ. ಬೆವರು ಕುಡಿದು ಅಲ್ಲೇ ಕೂರುತ್ತದೆ, ಆವಿ ಆಗುವುದಿಲ್ಲ. ಆವಿ ಆಗದಿದ್ದರೆ ಯಾವ ಜಾಕೆಟ್ ಏನು ಮಾಡೀತು? ತೆಳ್ಳನೆ ಪಾಲಿಯೆಸ್ಟರ್ ಟೀ ಶರ್ಟ್ ಸಾಕು. ಜೋರಾಗಿ ಹತ್ತುವಾಗ ಸಣ್ಣ ಮಳೆ ಇದ್ದರೆ ನಾನಂತೂ ಜಾಕೆಟ್ ಬ್ಯಾಗಿನಲ್ಲೇ ಇಟ್ಟಿರುತ್ತೇನೆ. ಹೇಗೂ ನೆನೆಯುವುದೇ. ನಿಂತಾಗ, ಗಾಳಿ ಬಂದಾಗ ಹಾಕುತ್ತೇನೆ.

ಕೋಟೆ ಕೆಳಗಿನವ

ಎಲ್ಲರಿಗೂ ಥ್ಯಾಂಕ್ಸ್. 15,000ದ್ದು ಬಿಟ್ಟೆ. ಅಂಗಡಿಗೆ ಫೋನ್ ಮಾಡಿ ರೆಟ್ ಎಷ್ಟು ಅಂತ ಕೇಳಿದರೆ, "ಯಾವ ರೇಟ್ ಸಾರ್, ಹೇಳಿದೆನಲ್ಲ" ಅಂದರು. 6,000 ಹತ್ತಿರ ಕಂಕುಳ ಜಿಪ್ ಇರುವ ಒಂದು ಸಿಕ್ಕಿದೆ. 10,000 ಮಿ.ಮೀ., ರೆಟ್ 12 ಅಂತ ಬರೆದಿದೆ. ಬೈಕಿಗೆ ಮಿರ್ಚಿ ಅಣ್ಣ ಹೇಳಿದಂತೆ ಬೇರೆ ಕೋಟು. ಸೈಜ್ ಮೈಗೆ ಸರಿಯಾಗಿ ತಗೊಳ್ಳಲಾ, ಒಂದು ದೊಡ್ಡದು ತಗೊಳ್ಳಲಾ?

ಜೋಗಿಮಟ್ಟಿ ಗಾಳಿ

ಒಂದು ದೊಡ್ಡದು. ಒಳಗೆ ಗಾಳಿ ಆಡಬೇಕು. ತೋಳು ಮೇಲೆತ್ತಿ ನೋಡಿ, ಸೊಂಟ ಕಾಣಬಾರದು. ಜಿಪ್ ಅನ್ನು ಬ್ಯಾಗ್ ಹಾಕಿಕೊಂಡೇ ತೆಗೆಯಲು ಬರುತ್ತದಾ ಅಂತ ಅಂಗಡಿಯಲ್ಲೇ ಪರೀಕ್ಷೆ ಮಾಡಿ.

ಹಳೇಪೇಟೆ ಹುಡುಗ

ಮೇಡಂ, ನನ್ನ 800 ರೂಪಾಯಿ ಕೋಟಿಗೆ ಕಂಕುಳಲ್ಲಿ ಜಿಪ್ ಹಾಕಿಸಬಹುದಾ? ಮಂಡಿಪೇಟೆ ಕಡೆ ಬ್ಯಾಗ್ ಹೊಲಿಯುವವರು ಗೊತ್ತು.

ನೂಲು ಬಟ್ಟೆ

ಹಾಕಿಸಬಹುದು ಕಣಪ್ಪ. ಪಕ್ಕದ ಹೊಲಿಗೆ ಬಿಚ್ಚಿ ಅಲ್ಲೇ ಕೂರಿಸಲಿ, ಹೊಸದಾಗಿ ಕತ್ತರಿಸುವುದು ಬೇಡ. ಮೇಲೆ ಎರಡು ಬೆರಳಗಲ ಮಡಿಕೆ ಬಿಡಲಿ, ನೀರು ಜಿಪ್ ಮೇಲೆ ಬೀಳದ ಹಾಗೆ. ಸೂಜಿ ತೂತಿಗೆ ಒಳಗಿನಿಂದ ಸೀಮ್ ಟೇಪ್ ಅಥವಾ ರಬ್ಬರ್ ಸೊಲ್ಯೂಷನ್ ಹಚ್ಚಲು ಹೇಳು. ಮೊದಲು ಒಂದು ಕಡೆ ಮಾತ್ರ ಹಾಕಿಸಿ ಮಳೆಯಲ್ಲಿ ಓಡಾಡಿ ನೋಡು. ಸರಿ ಬಂದರೆ ಇನ್ನೊಂದು ಕಡೆ.